ಆಂಗ್ಲಪೀಠದ ಕನ್ನಡಾಚಾರ್ಯ ಬಿ.ಎಂ. ಶ್ರೀಕಂಠಯ್ಯನವರು

ಹೊಸಗನ್ನಡ ಸಾಹಿತ್ಯದ ಅರುಣೋದಯವನ್ನು ಕುರಿತು ಮಾತು ಬಂದಾಗಲೆಲ್ಲ ಮೊದಲು ನಾಲಗೆಗೆ ಬರುವ ಹೆಸರುಗಳಲ್ಲಿ ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರದು ಒಂದು. ಕನ್ನಡಿಗರು ಅವರನ್ನು ಬಿ.ಎಂ.ಶ್ರೀ. ಎಂದು ಸಲಿಗೆಯಿಂದಲೂ, ಕಾವ್ಯನಾಮವನ್ನು ಹಿಡಿದು ಶ್ರೀಯವರು ಎಂದು ಗೌರವದಿಂದಲೂ ಕರೆಯುತ್ತ ಬಂದಿದ್ದಾರೆ. ಕನ್ನಡದ ಕಣ್ವರೆಂಬ ಬಿರುದೂ ಅವರಿಗೆ ಸಂದಿದೆ. ಇಷ್ಟಾಗಿಯೂ ಅವರು ವೃತ್ತಿಯಿಂದ ಕನ್ನಡದ ಅಧ್ಯಾಪಕರಲ್ಲ. ತಮ್ಮ ಆಯುಷ್ಯದ ಹಿರಿಯ ಭಾಗವನ್ನು ಅವರು ಕಳೆದದ್ದು ಮೈಸೂರು ಮತ್ತು ಬೆಂಗಳೂರಿನ ಕಾಲೇಜುಗಳಲ್ಲಿ, ಬಿ.ಎ. ತರಗತಿಯ ಹುಡುಗರಿಗೆ ಇಂಗ್ಲಿಷ್ ಕಾವ್ಯ ನಾಟಕಗಳನ್ನು ಬೋಧಿಸುವುದರಲ್ಲಿ. ಇಂಗ್ಲಿಷಿನ ದೆಸೆಯಿಂದ ಕನ್ನಡಕ್ಕೆ ಗ್ರಹಣ ಹಿಡಿಯಿತೆಂದು ವಿದ್ವಾಂಸರು ಹಲುಬುತ್ತಿದ್ದ ಕಾಲದಲ್ಲಿ, ಇಂಗ್ಲಿಷಿನ ಪಾಠಪೀಠದಲ್ಲಿಯೇ ಕುಳಿತು ಕನ್ನಡಕ್ಕೆ ದೀಪ ಹಚ್ಚಿದವರು ಅವರು.

ಶ್ರೀಯವರು ಜನಿಸಿದ್ದು 1884ನೆಯ ಇಸವಿ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ. ಅದು ಅವರ ತಾಯಿಯ ತವರು. ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆಯ ಹೆಸರು ಮೈಲಾರಯ್ಯ. ಹೆಸರಿನ ಮೊದಲ ಎರಡು ಅಕ್ಷರಗಳು ಊರನ್ನೂ ತಂದೆಯನ್ನೂ ಸೂಚಿಸುತ್ತವೆ. ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲಿ ನಡೆಸುತ್ತಿದ್ದುದರಿಂದ ಬಾಲಕನ ಮೊದಲ ವಿದ್ಯಾಭ್ಯಾಸ ಕಾವೇರಿಯ ಆ ನಡುಗಡ್ಡೆಯಲ್ಲಿಯೇ ನಡೆಯಿತು. ಮುಂದೆ ಮೈಸೂರಿನ ಮಹಾರಾಜಾ ಕಾಲೇಜು, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಅಲ್ಲಿಂದ ಬಿ.ಎ. ಪದವಿಯನ್ನು ಪಡೆದು, ಮದರಾಸಿಗೆ ಹೋಗಿ ನ್ಯಾಯಶಾಸ್ತ್ರದ ಬಿ.ಎಲ್. ಪದವಿಯನ್ನೂ, 1907ರಲ್ಲಿ ಎಂ.ಎ. ಪದವಿಯನ್ನೂ ಗಳಿಸಿದರು. ತಂದೆಯ ವೃತ್ತಿಯನ್ನು ಹಿಡಿಯಲು ಬೇಕಾದ ಅರ್ಹತೆ ಕೈಯಲ್ಲಿತ್ತು. ಆದರೂ ಮನಸ್ಸು ನ್ಯಾಯಾಲಯದ ಕಡೆಗೆ ಒಲಿಯಲಿಲ್ಲ. 1909ರಲ್ಲಿ ಅವರು ತಾವು ಓದಿದ ಮಹಾರಾಜಾ ಕಾಲೇಜಿಗೇ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು.

ಆ ಕಾಲದ ಕಾಲೇಜು ಎಂಥದೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮೈಸೂರಿಗೆ ಆಗ ತನ್ನದೇ ವಿಶ್ವವಿದ್ಯಾನಿಲಯವಿರಲಿಲ್ಲ. ಸಂಸ್ಥಾನದ ಕಾಲೇಜುಗಳು 1857ರಲ್ಲಿ ಸ್ಥಾಪಿತವಾಗಿದ್ದ ಮದರಾಸು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದ್ದವು. ವಿದ್ಯಾರ್ಥಿ ಗಣಿತವನ್ನೇ ಓದಲಿ, ಚರಿತ್ರೆಯನ್ನೇ ಓದಲಿ, ಇಂಗ್ಲಿಷ್ ಪತ್ರಿಕೆಗಳಲ್ಲಿ ತೇರ್ಗಡೆಯಾಗದೆ ಅವನಿಗೆ ಪದವಿಯಿಲ್ಲ. ಷೇಕ್ಸ್‌ಪಿಯರನ ನಾಟಕ, ಮಿಲ್ಟನ್ನನ ಕಾವ್ಯ, ಪಾಲ್‌ಗ್ರೇವ್ 1861ರಲ್ಲಿ ಸಂಕಲಿಸಿದ ಗೋಲ್ಡನ್ ಟ್ರೆಷರಿ ಎಂಬ ಭಾವಗೀತಗಳ ಸಂಗ್ರಹ, ಇವುಗಳ ಜೊತೆಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ಅಭ್ಯಾಸ, ಇವೇ ವಿದ್ಯಾವಂತನ ಲಕ್ಷಣವೆನಿಸಿದ್ದವು. ಇದರಲ್ಲಿ ಒಂದು ವೈಚಿತ್ರ್ಯವುಂಟು. ಇಂಗ್ಲೆಂಡಿನ ಪ್ರಾಚೀನ ವಿದ್ಯಾಪೀಠವಾದ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕವಾದ ಪದವಿವ್ಯಾಸಂಗ ಏರ್ಪಟ್ಟದ್ದು 1894ರಲ್ಲಿ, ಕೇಂಬ್ರಿಜ್ಜಿನಲ್ಲಿ 1917ರಲ್ಲಿ. ಗ್ರೀಕ್ ಲ್ಯಾಟಿನ್ ಇರುವಾಗ ಮನೆಮಾತಿನ ಸಾಹಿತ್ಯಕ್ಕೆ ಪಾಠವೇತಕ್ಕೆಂದು ಅಲ್ಲಿಯ ಪಂಡಿತರು ಎಣಿಸುತ್ತಿದ್ದಾಗ, ಇಲ್ಲಿಯ ಹುಡುಗರು ಅದೇ ಸಾಹಿತ್ಯವನ್ನು ಕಂಠಪಾಠ ಮಾಡಿ ಪರೀಕ್ಷೆಗೆ ಕುಳಿತಿದ್ದರು!

ಕನ್ನಡದ ಪಾಡು ಬೇರೆ. ಅದು ಎರಡನೆಯ ಭಾಷೆ, ಅಂದರೆ ಎರಡನೆಯ ದರ್ಜೆಯ ಭಾಷೆ. ಕನ್ನಡ ಪಂಡಿತರಿಗೆ ಸಂಬಳವೂ ಕಡಿಮೆ, ಸ್ಥಾನವೂ ಕೆಳಗೆ. ಪಂಪ ರನ್ನರನ್ನು ಪದಚ್ಛೇದಮಾಡಿ ಅನ್ವಯಿಸಿ ಹೇಳಬಲ್ಲ ವಿದ್ವಾಂಸರನ್ನು, ಒಂದು ಇಂಗ್ಲಿಷ್ ವಾಕ್ಯ ಆಡಲಾರರೆಂಬ ಕಾರಣದಿಂದ ವಿದ್ಯಾರ್ಥಿಗಳು ಪರಿಹಾಸ್ಯ ಮಾಡುತ್ತಿದ್ದ ಕಾಲವದು. ಪಂಡಿತರಾದರೂ ಇಂಗ್ಲಿಷ್ ಕಲಿತವರನ್ನು ಪರಕೀಯರೆಂದೇ ಭಾವಿಸಿದ್ದರು. ಒಂದೇ ಕಟ್ಟಡದ ಎರಡು ಕೊಠಡಿಗಳ ನಡುವೆ ಬಾಗಿಲಿರಲಿಲ್ಲ. ಬರವಣಿಗೆಯ ಬಯಕೆಯುಳ್ಳ ತರುಣನ ಲೇಖನಿ ಸಹಜವಾಗಿ ಇಂಗ್ಲಿಷಿನತ್ತ ಹರಿಯುತ್ತಿತ್ತು. ಮುಂದೆ ರಾಷ್ಟ್ರಕವಿಗಳಾದ ಕುವೆಂಪು ಅವರ ಮೊದಲ ಕವನಸಂಕಲನ 1922ರಲ್ಲಿ ಅಚ್ಚಾದದ್ದು ಇಂಗ್ಲಿಷಿನಲ್ಲಿ. ಎರಡು ವರ್ಷಗಳ ಮೇಲೆ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಾಗ, ಆ ತರುಣನಿಗೆ ನಿನ್ನ ತಾಯಿನುಡಿಯಲ್ಲಿ ಬರೆ ಎಂಬ ಬುದ್ಧಿವಾದವನ್ನು ಪರದೇಶದವರೊಬ್ಬರು ಹೇಳಬೇಕಾಯಿತು.

ಈ ಗೋಡೆಯಲ್ಲಿ ಬಾಗಿಲು ಕೊರೆಯುವ ಕಾರ್ಯವನ್ನು ಶ್ರೀಯವರು ಬಹು ಮೊದಲೇ ಆರಂಭಿಸಿದ್ದರು. 1911ರಲ್ಲಿ, ಇಪ್ಪತ್ತೇಳು ವರ್ಷ ವಯಸ್ಸಿನ ಅಧ್ಯಾಪಕರಾಗಿದ್ದಾಗ, ಅವರಿಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಭಾಷಣಮಾಡುವ ಸಂದರ್ಭ ಒದಗಿತು. ಆ ಸಂಘ 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಹುಟ್ಟಿದ್ದು. ಕನ್ನಡನಾಡು ಆಗ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಮೈಸೂರಿನವರೊಬ್ಬರು ಮುಂಬಯಿ ಇಲಾಖೆಯ ಧಾರವಾಡಕ್ಕೆ ಹೋಗಿ ಕನ್ನಡದ ವಿಷಯ ಮಾತನಾಡುವುದೇ ಒಂದು ವಿಶೇಷ. ಭಾಷಣದ ಹೆಸರು 'ಕನ್ನಡ ಮಾತು ತಲೆಯೆತ್ತುವ ಬಗೆ'. ಹಿಂದಿನ ವೈಭವವನ್ನು ಹಾಡಿ ಕೂತರೆ ಸಾಲದು, ಇಂಗ್ಲಿಷ್ ಓದಿದವರು ಆ ಓದಿನ ಸಾರವನ್ನು ಕನ್ನಡಕ್ಕೆ ತರಬೇಕು, ಜನರು ಆಡುವ ಹೊಸಗನ್ನಡವೇ ಹೊಸ ಸಾಹಿತ್ಯದ ಭಾಷೆಯಾಗಬೇಕು, ಇದು ಅವರ ವಾದದ ತಿರುಳು. ಕೇಳಿದವರಲ್ಲಿ ಕೆಲವರಿಗೆ ಇದು ಉದ್ಧಟತನವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಕನ್ನಡವೆಂದರೆ ಹಳಗನ್ನಡದ ಚಂಪುವೆಂದೂ, ಹೊಸಗನ್ನಡವೆಂದರೆ ಲೆಕ್ಕಪತ್ರದ ಭಾಷೆಯೆಂದೂ ತಿಳಿದಿದ್ದವರು ಅಂದು ಬಹಳವಾಗಿದ್ದರು.

ಮಾತಿನಂತೆ ಕೃತಿಯೂ ಬರಬೇಕಷ್ಟೆ. ಅದಕ್ಕೆ ಹತ್ತು ವರ್ಷ ಹಿಡಿಯಿತು. ಈ ನಡುವೆ 1916ರ ಜುಲೈ ತಿಂಗಳಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ತರಗತಿಯಲ್ಲಿ ಪಾಲ್‌ಗ್ರೇವನ ಸಂಗ್ರಹದ ಗೀತವೊಂದನ್ನು ಓದಿ ವಿವರಿಸಿದ ಮೇಲೆ ಅಧ್ಯಾಪಕನ ಕೆಲಸ ಮುಗಿಯಿತೆಂದು ಲೋಕ ಭಾವಿಸುತ್ತದೆ. ಶ್ರೀಯವರ ಕೆಲಸ ಅಲ್ಲಿಂದ ಆರಂಭವಾಗುತ್ತಿತ್ತು. ಆ ಗೀತ ಕನ್ನಡದಲ್ಲಿ ಹುಟ್ಟಿದ್ದರೆ ಹೇಗೆ ಹುಟ್ಟುತ್ತಿತ್ತು? ಈ ಪ್ರಶ್ನೆಯ ಫಲವೇ 'ಇಂಗ್ಲಿಷ್ ಗೀತಗಳು'. 1921ರಲ್ಲಿ ಕಿರುಹೊತ್ತಗೆಯಾಗಿ ಕಾಣಿಸಿಕೊಂಡು, 1926ರಲ್ಲಿ ವಿಸ್ತಾರಗೊಂಡು ಬಂದ ಈ ಸಂಕಲನ ಗಾತ್ರದಲ್ಲಿ ದೊಡ್ಡದಲ್ಲ. ಷೇಕ್ಸ್‌ಪಿಯರ್, ಬರ್ನ್ಸ್, ವರ್ಡ್ಸ್‌ವರ್ತ್, ಷೆಲ್ಲಿ ಮೊದಲಾದವರ ಗೀತಗಳ ರೂಪಾಂತರಗಳೂ, ಶ್ರೀಯವರ ಸ್ವಂತದ ಬೆರಳೆಣಿಕೆಯ ಕವನಗಳೂ ಅದರಲ್ಲಿವೆ. 'ಕಾಣಿಕೆ' ಎಂಬ ಸ್ವಂತ ಕವನದಲ್ಲಿ ತಮ್ಮ ಉದ್ದೇಶವನ್ನು ಅವರು ವಿನಯದಿಂದ ನಿವೇದಿಸಿಕೊಂಡಿದ್ದಾರೆ.

ಈ ಪುಸ್ತಕದ ಮಹತ್ತ್ವವನ್ನು ತಿಳಿಯಬೇಕಾದರೆ ಛಂದಸ್ಸಿನ ವಿಚಾರಕ್ಕೆ ಇಳಿಯದೆ ವಿಧಿಯಿಲ್ಲ. ಇಂಗ್ಲಿಷ್ ಪದ್ಯದ ಲಯ ಉಚ್ಚಾರಣೆಯ ಒತ್ತನ್ನು ಅವಲಂಬಿಸಿದ್ದು. ಕನ್ನಡಕ್ಕೆ ಆ ಬಗೆಯ ಒತ್ತಿಲ್ಲ. ಕನ್ನಡದ ಲಯ ಲಘು ಗುರುಗಳ ಎಣಿಕೆಯಲ್ಲಿದೆ. ಆದ್ದರಿಂದ ಇಂಗ್ಲಿಷ್ ಮಟ್ಟನ್ನು ಕನ್ನಡಕ್ಕೆ ಹಾಗೆಯೇ ಇಳಿಸುವುದು ಅಸಾಧ್ಯ; ಇಳಿಸಲು ಹೊರಟರೆ ಕಾಲುಮುರಿದ ಪದ್ಯವಾಗುತ್ತದೆ. ಶ್ರೀಯವರು ಹಾಗೆ ಮಾಡಲಿಲ್ಲ. ರಗಳೆ ಷಟ್ಪದಿಗಳಲ್ಲಿಯೂ ಹಳ್ಳಿಯ ಹಾಡುಗಳಲ್ಲಿಯೂ ಶತಮಾನಗಳಿಂದ ಓಡಾಡುತ್ತಿದ್ದ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನೇ ತೆಗೆದುಕೊಂಡು, ಅವನ್ನು ಹೊಸ ಹೊಸ ಅಳತೆಯ ಸಾಲುಗಳಲ್ಲಿ ಜೋಡಿಸಿದರು. ಭಾವ ನಿಂತಲ್ಲಿ ಸಾಲು ನಿಂತಿತು, ಭಾವ ಹರಿದಲ್ಲಿ ಸಾಲು ಹರಿಯಿತು. ಅನ್ಯದೇಶದ ಗೀತಕ್ಕೆ ತೊಡಿಸಿದ ಬಟ್ಟೆ ಹೊಸ ಕತ್ತರಿಕೆಯದು, ನೂಲು ಮಾತ್ರ ಮನೆಯದು. ಇಂಗ್ಲಿಷ್ ಬಾರದವನಿಗೂ ಈ ಕವನಗಳು ಪರಕೀಯವಾಗಿ ಕೇಳದಿರಲು ಇದೇ ಕಾರಣ.

ವಿವಾದವೆದ್ದದ್ದು ಪ್ರಾಸದ ವಿಷಯದಲ್ಲಿ. ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬುದು ಕನ್ನಡ ಕಾವ್ಯದ ಬಹು ಹಳೆಯ ಕಟ್ಟಳೆ. ಕವಿರಾಜಮಾರ್ಗಕಾರ ಅದನ್ನು ವಿಚಾರಿಸಿದ್ದಾನೆ. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಛಂದಶ್ಶಾಸ್ತ್ರಜ್ಞರು ಅದರಲ್ಲಿ ಆರು ಬಗೆಗಳನ್ನು ಹೇಳಿದ್ದಾರೆ. ಪ್ರಾಸವಿಲ್ಲದ ಪದ್ಯ ಮಂಗಳಸೂತ್ರವಿಲ್ಲದ ಕೊರಳೆಂದು ಭಾವಿಸಿದ್ದ ವಿದ್ವಜ್ಜನಕ್ಕೆ, ಈ ಆದಿಪ್ರಾಸವನ್ನು ಕೈಬಿಟ್ಟು ಸಾಲಿನ ಕೊನೆಯಲ್ಲಿ ಪ್ರಾಸವಿಟ್ಟ ಶ್ರೀಯವರ ಗೀತಗಳು ಅಪಚಾರವಾಗಿ ಕಂಡವು. ಈ ಕೆಲಸದಲ್ಲಿ ಶ್ರೀಯವರು ಮೊದಲಿಗರೂ ಅಲ್ಲ, ಒಬ್ಬಂಟಿಗರೂ ಅಲ್ಲ. ಕರಾವಳಿಯಲ್ಲಿ ಮಂಜೇಶ್ವರದ ಗೋವಿಂದ ಪೈಗಳು 1911ರಷ್ಟು ಹಿಂದೆಯೇ ಪ್ರಾಸತ್ಯಾಗದ ನಿಶ್ಚಯ ಮಾಡಿದ್ದರು. ಹಟ್ಟಿಯಂಗಡಿ ನಾರಾಯಣರಾಯರು 1919ರಲ್ಲಿ 'ಆಂಗ್ಲ ಕವಿತಾವಳಿ'ಯನ್ನು ಹೊರತಂದಿದ್ದರು. ಪಂಜೆ ಮಂಗೇಶರಾಯರೂ ಎಸ್.ಜಿ. ನರಸಿಂಹಾಚಾರ್ಯರೂ ಇಂಗ್ಲಿಷ್ ಪದ್ಯಗಳನ್ನು ಕನ್ನಡಿಸಿದ್ದರು. ಆದರೆ ಬಾಣಗಳೆಲ್ಲ ನಾಟಿದ್ದು ವಿಶ್ವವಿದ್ಯಾನಿಲಯದ ಆಂಗ್ಲಪೀಠದಲ್ಲಿದ್ದವರಿಗೆ. ಇಂಗ್ಲಿಷ್ ಮೇಷ್ಟರಿಗೆ ಪ್ರಾಸ ಹೊಂದಿಸಲು ಬಾರದು, ಅದಕ್ಕೇ ಬಿಟ್ಟರು ಎಂಬ ಕುಹಕವೂ ಹುಟ್ಟಿಕೊಂಡಿತು.

ಪಂಡಿತರ ಪಕ್ಷದಲ್ಲಿ ನ್ಯಾಯವೇ ಇರಲಿಲ್ಲವೆಂದು ಹೇಳಲಾಗದು. ಆದಿಪ್ರಾಸ ಬರಿಯ ಅಲಂಕಾರವಲ್ಲ. ಓಲೆಗರಿಯ ಕಾಲದಲ್ಲಿ ಪದ್ಯವನ್ನು ನೆನಪಿನಲ್ಲಿ ನಿಲ್ಲಿಸಿದ್ದೂ, ಪಾಠ ಕೆಡದಂತೆ ಕಾಪಾಡಿದ್ದೂ ಅದೇ. ಲಿಪಿಕಾರ ತಪ್ಪಿದಲ್ಲಿ ಪ್ರಾಸಾಕ್ಷರವನ್ನು ಹಿಡಿದು ಶುದ್ಧಪಾಠವನ್ನು ನಿರ್ಣಯಿಸಿದ ಉದಾಹರಣೆಗಳು ಗ್ರಂಥಸಂಪಾದನೆಯಲ್ಲಿ ಹೇರಳವಾಗಿವೆ. ಆದರೆ ಪ್ರಾಸಕ್ಕಾಗಿ ಅರ್ಥವನ್ನು ತಿರುಚಿ, ನಿಘಂಟಿನ ಮೂಲೆಯಿಂದ ಶಬ್ದವನ್ನೆಳೆದು ತಂದು ತುರುಕಿದ ಪದ್ಯಗಳೂ ಅಷ್ಟೇ ಹೇರಳ. ಮನದಲ್ಲಿ ತಟ್ಟನೆ ಮೂಡಿ ತಟ್ಟನೆ ಹಾಡಾಗಬೇಕಾದ ಭಾವಗೀತಕ್ಕೆ ಈ ಕಟ್ಟಳೆ ಭಾರವೇ ಸರಿ. ಶ್ರೀಯವರು ಬಾರದೆ ಬಿಟ್ಟವರಲ್ಲ, ಬಲ್ಲವರಾಗಿ ಬಿಟ್ಟವರು ಎಂಬುದಕ್ಕೆ ಅವರ ನಾಟಕಗಳೇ ಸಾಕ್ಷಿ.

ರನ್ನನ ಗದಾಯುದ್ಧವನ್ನು ಅವರು ನಾಟಕವಾಗಿ ಹೊಂದಿಸಿದ ಪರಿಯನ್ನು ನೋಡಬೇಕು. ಹತ್ತನೆಯ ಶತಮಾನದ ಆ ಚಂಪೂಕಾವ್ಯದಲ್ಲಿ ಹುದುಗಿದ್ದ ನಾಟಕೀಯತೆಯನ್ನು ಪಂಡಿತರೂ ಕಂಡಿದ್ದರು. ಆದರೆ ಗ್ರೀಕ್ ನಾಟಕಗಳನ್ನೂ ಷೇಕ್ಸ್‌ಪಿಯರನನ್ನೂ ವರ್ಷವರ್ಷವೂ ಬೋಧಿಸಿದ ಕಣ್ಣಿಗೆ ಮಾತ್ರ ಅಲ್ಲಿಯ ದುರ್ಯೋಧನ ಬೇರೊಂದು ರೀತಿಯಲ್ಲಿ ಕಂಡನು. ಛಲದಿಂದ ಕೆಡುವ, ಕೆಡುವಾಗಲೂ ಎತ್ತರದಲ್ಲಿಯೇ ನಿಲ್ಲುವ ದುರಂತನಾಯಕನನ್ನು ಶ್ರೀಯವರು ರನ್ನನ ಪದ್ಯಗಳಿಂದಲೇ ಎತ್ತಿ ರಂಗದ ಮೇಲೆ ನಿಲ್ಲಿಸಿದರು. 1929ರಲ್ಲಿ ಬಂದ 'ಅಶ್ವತ್ಥಾಮನ್' ಇನ್ನೂ ಸಾಹಸದ ಕೃತಿ. ಸೊಫೋಕ್ಲಿಸ್ ಮಹಾಕವಿಯ ಏಜಾಕ್ಸ್ ನಾಟಕದ ಚೌಕಟ್ಟಿನಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ಇರಿಸಿದ ಈ ನಾಟಕದ ಭಾಷೆ ಹಳಗನ್ನಡ. ಹೊಸಗನ್ನಡಕ್ಕಾಗಿ ಧಾರವಾಡದಲ್ಲಿ ವಾದಿಸಿದವರೇ ಪ್ರಾಚೀನರ ಗಾಂಭೀರ್ಯ ಬೇಕಾದಲ್ಲಿ ಹಳಗನ್ನಡದ ಬಿಲ್ಲನ್ನು ಹೆದೆಯೇರಿಸಿದರು. ವ್ಯಾಸರ ಅಶ್ವತ್ಥಾಮ ಚಿರಂಜೀವಿ. ಇಲ್ಲಿಯ ಅಶ್ವತ್ಥಾಮ ಏಜಾಕ್ಸನಂತೆ ಸಾಯುತ್ತಾನೆ. ಪುರಾಣಪ್ರಸಿದ್ಧವಾದ ಕಥೆಯನ್ನು ಹೀಗೆ ಮಾರ್ಪಡಿಸಬಹುದೇ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 1935ರಲ್ಲಿ ಈಸ್ಕಿಲಸ್ಸನ ನಾಟಕವನ್ನು 'ಪಾರಸಿಕರು' ಎಂದು ಅನುವಾದಿಸಿದರು. ಟ್ರ್ಯಾಜಿಡಿ ಎಂಬುದಕ್ಕೆ ಕನ್ನಡದಲ್ಲಿ ನೆಲೆಗೊಂಡ ರುದ್ರನಾಟಕ ಎಂಬ ಮಾತು ಅವರ ಬರಹದಿಂದ ಬಳಕೆಗೆ ಬಂದದ್ದು.

ಮತ್ತೆ ಗೀತಗಳಿಗೆ ಬರೋಣ. ಅವುಗಳಲ್ಲಿ 'ದುಃಖಸೇತು' ಎಂಬುದೊಂದು. ಥಾಮಸ್ ಹುಡ್ ಎಂಬ ಕವಿ ಬರೆದ ಮೂಲದಲ್ಲಿ, ಬಾಳಿನಲ್ಲಿ ನೊಂದು ಹೊಳೆಗೆ ಹಾರಿ ಸತ್ತ ಅನಾಮಿಕ ಹೆಣ್ಣೊಬ್ಬಳ ದೇಹವನ್ನು ಮೇಲಕ್ಕೆತ್ತುವ ಸಂದರ್ಭವಿದೆ. ರಾಜಾಧಿರಾಜರನ್ನೂ ಪುರಾಣಪುರುಷರನ್ನೂ ವರ್ಣಿಸಿ ಪಳಗಿದ ಪ್ರೌಢ ಕಾವ್ಯಮಾರ್ಗಕ್ಕೆ, ಹೆಸರಿಲ್ಲದ ಆ ನತದೃಷ್ಟೆಯೂ ಕಾವ್ಯವಸ್ತುವೆಂಬುದನ್ನು ತೋರಿಸಿಕೊಟ್ಟ ಕವನವಿದು. ನ್ಯೂಮನ್ನರ ಪ್ರಾರ್ಥನಾಗೀತದ ಕನ್ನಡ ರೂಪವಂತೂ ಮೂಲವನ್ನೇ ಮರೆಸಿ ಕನ್ನಡಿಗರ ಸ್ವಂತ ಪ್ರಾರ್ಥನೆಯಾಯಿತು. ಕತ್ತಲೆಯಲ್ಲಿ ಬೆಳಕನ್ನು ಕೈಹಿಡಿದು ನಡೆಸೆಂದು ಬೇಡುವ ಆ ಗೀತವನ್ನು ಶಾಲೆಗಳಲ್ಲಿ ಹಾಡಿದ ಮಕ್ಕಳಲ್ಲಿ ಎಷ್ಟೋ ಮಂದಿಗೆ ಅದು ಇಂಗ್ಲೆಂಡಿನ ಕ್ರೈಸ್ತ ಪಾದ್ರಿಯೊಬ್ಬರ ರಚನೆಯೆಂಬುದೂ ತಿಳಿಯದು. ಅನುವಾದಕನಿಗೆ ಇದಕ್ಕಿಂತ ಹೆಚ್ಚಿನ ಪ್ರಶಸ್ತಿ ಬೇಕಾಗಿಲ್ಲ.

ತಮ್ಮ ಗೀತಗಳನ್ನು ಶ್ರೀಯವರು ಅಚ್ಚಿನಲ್ಲಿ ಬಿಟ್ಟು ಸುಮ್ಮನಿರದೆ ಊರೂರುಗಳ ಸಭೆಗಳಲ್ಲಿ ಓದಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿ 1919ರಲ್ಲಿ 'ಪ್ರಬುದ್ಧ ಕರ್ಣಾಟಕ' ಪತ್ರಿಕೆಯನ್ನು ಹೊರಡಿಸಿದ್ದರಿಂದ, ಹೊಸ ಬರಹಕ್ಕೆ ಒಂದು ಜಗಲಿಯೂ ದೊರೆತಿತ್ತು. ಇಂಗ್ಲಿಷ್ ಪಾಠ ಕೇಳಲು ಬಂದ ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆಯತೊಡಗಿದರು. ತೀ.ನಂ. ಶ್ರೀಕಂಠಯ್ಯನವರಂಥ ವಿದ್ವಾಂಸರು ಇಂಗ್ಲಿಷ್ ಕನ್ನಡಗಳೆರಡರಲ್ಲಿಯೂ ಎಂ.ಎ. ಮಾಡಿ, ಅರಿಸ್ಟಾಟಲನ ಕಾವ್ಯಮೀಮಾಂಸೆಯನ್ನು ಕನ್ನಡಿಸುವುದಕ್ಕೂ ಭಾರತೀಯ ಕಾವ್ಯಮೀಮಾಂಸೆಯನ್ನು ಬರೆಯುವುದಕ್ಕೂ ಸಮರ್ಥರಾದದ್ದು ಇಂಥ ವಾತಾವರಣದಲ್ಲಿ.

1926ರಲ್ಲಿ ಶ್ರೀಯವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾದರು. ಬ್ರಜೇಂದ್ರನಾಥ ಶೀಲರು ಆಗ ಉಪಕುಲಪತಿಗಳು. ಕಡತಗಳ ನಡುವೆ ಕವಿಯೊಬ್ಬನನ್ನು ಕೂರಿಸಿದ್ದು ವ್ಯರ್ಥವಾಯಿತೆಂದು ಕೆಲವರಿಗೆ ಅನಿಸಬಹುದು. ಕನ್ನಡದ ಮಟ್ಟಿಗೆ ಅದು ಸುಯೋಗವಾಯಿತು. 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಪ್ರಾರಂಭವಾಯಿತು. ಅದಕ್ಕಾಗಿ ದುಡಿದವರಲ್ಲಿ ಶ್ರೀಯವರು ಅಗ್ರಗಣ್ಯರು. ಕನ್ನಡದಲ್ಲಿ ಎಂ.ಎ. ಮಟ್ಟದಲ್ಲಿ ಓದುವಂಥದು ಏನಿದೆ ಎಂದು ಹಗುರಾಗಿ ಕೇಳುತ್ತಿದ್ದವರಿಗೆ, ಇಂಗ್ಲಿಷಿನ ಪ್ರಾಧ್ಯಾಪಕರೇ ಮುಂದೆ ನಿಂತು ಏನೆಲ್ಲ ಇದೆಯೆಂದು ಹೇಳಿದಾಗ ಆ ಮಾತಿಗೆ ಬಂದ ತೂಕ, ಪಂಡಿತರು ಹೇಳಿದ್ದರೆ ಬರುತ್ತಿರಲಿಲ್ಲ. ಇದು ನ್ಯಾಯವಲ್ಲ, ಆದರೆ ಅಂದಿನ ಸ್ಥಿತಿ ಹಾಗಿತ್ತು. ಟಿ.ಎಸ್. ವೆಂಕಣ್ಣಯ್ಯನವರ ಒತ್ತಾಸೆಯಿಂದ ಆ ತರಗತಿಯನ್ನು ಸೇರಿದ ಕುವೆಂಪು 1929ರಲ್ಲಿ ಪದವೀಧರರಾದರು. ತಮ್ಮ ಕಾಲೇಜಿನಲ್ಲಿ ಎರಡನೆಯ ದರ್ಜೆಯಲ್ಲಿದ್ದ ಕನ್ನಡಕ್ಕೆ ಶ್ರೀಯವರು ಹೀಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸಿದರು. 1928ರಲ್ಲಿ ನಿಜಾಮರ ಆಳಿಕೆಗೆ ಸೇರಿದ್ದ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

1930ರಲ್ಲಿ ರಿಜಿಸ್ಟ್ರಾರ್ ಪದವಿಯನ್ನು ಬಿಟ್ಟು ಮರಳಿ ಪಾಠಕ್ಕೆ ಬಂದರು, ಈ ಸಲ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಮುಂದಿನ ಹನ್ನೆರಡು ವರ್ಷ ಅಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಹಗಲು ಕಾಲೇಜು, ಸಂಜೆ ಕನ್ನಡ. 1938ರಿಂದ 1942ರವರೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅದರ ಕಾರ್ಯಭಾರವನ್ನು ಹೊತ್ತರು. ಪರಿಷತ್ತಿನ ಅಚ್ಚುಕೂಟ, 'ಕನ್ನಡ ನುಡಿ' ಪತ್ರಿಕೆ, ಕಾವ ಜಾಣ ಮೊದಲಾದ ಕನ್ನಡ ಪರೀಕ್ಷೆಗಳು, ಇವೆಲ್ಲ ಅವರ ಉತ್ಸಾಹದ ಫಲಗಳು. ಕಾಲೇಜಿನ ಮೆಟ್ಟಿಲು ಹತ್ತಲಾರದವರಿಗೂ ಸಾಹಿತ್ಯದ ಶಿಸ್ತಾದ ಓದು ಲಭಿಸಲೆಂಬುದು ಆ ಪರೀಕ್ಷೆಗಳ ಆಶಯ. ಮೈಸೂರು ಮಹಾರಾಜರು 1938ರಲ್ಲಿ ರಾಜಸೇವಾಸಕ್ತ ಎಂಬ ಬಿರುದನ್ನಿತ್ತು ಗೌರವಿಸಿದರು. 1941ರಲ್ಲಿ ಶಿಷ್ಯರೂ ಮಿತ್ರರೂ ಕೂಡಿ 'ಸಂಭಾವನೆ' ಎಂಬ ಗ್ರಂಥವನ್ನು ಅರ್ಪಿಸಿದರು. ಕನ್ನಡದಲ್ಲಿ ಬಂದ ಮೊದಮೊದಲ ಅಭಿನಂದನ ಗ್ರಂಥಗಳಲ್ಲಿ ಅದೂ ಒಂದು; ಇಂಗ್ಲಿಷ್ ಅಧ್ಯಾಪಕರೊಬ್ಬರಿಗೆ ಸಂದ ಆ ಕಾಣಿಕೆ ಪುಟಪುಟವೂ ಕನ್ನಡ ಸಾಹಿತ್ಯದ ವಿಚಾರದಿಂದ ತುಂಬಿದೆ.

ನಿವೃತ್ತಿಯ ಮರುವರ್ಷ 1943ರಲ್ಲಿ ಸ್ವಂತ ಕವನಗಳ ಸಂಕಲನ 'ಹೊಂಗನಸುಗಳು' ಹೊರಬಂದಿತು. ಇಂಗ್ಲಿಷ್ ಗೀತಗಳ ಸಹಜಸ್ಫೂರ್ತಿಯನ್ನು ಈ ಕವನಗಳಲ್ಲಿ ಅರಸಿದವರಿಗೆ ಅಷ್ಟಾಗಿ ತೃಪ್ತಿಯಾಗದು. ಪರರ ಗೀತವನ್ನು ತನ್ನದಾಗಿಸುವುದರಲ್ಲಿಯೇ ಶ್ರೀಯವರ ಪ್ರತಿಭೆ ಪೂರ್ಣವಾಗಿ ಅರಳುತ್ತಿತ್ತು. ಕನ್ನಡ ಛಂದಸ್ಸಿನ ಚರಿತ್ರೆಯನ್ನೂ ಕನ್ನಡ ಸಾಹಿತ್ಯದ ಚರಿತ್ರೆಯನ್ನೂ ಕುರಿತು ಅವರು ಬರೆದಿರುವ ಭಾಗಗಳು ಅಧ್ಯಾಪಕರಿಗೆ ಉಪಯುಕ್ತವಾದವು. ಪ್ರಾಸವನ್ನು ಬಿಟ್ಟವರು ಛಂದಸ್ಸಿನ ಚರಿತ್ರೆಯನ್ನು ಬರೆದರೆಂಬುದನ್ನು ಕುಹಕಿಗಳು ಗಮನಿಸಬೇಕಾಗಿತ್ತು.

ಅರವತ್ತರ ವಯಸ್ಸಿನಲ್ಲಿ ವಿಶ್ರಾಂತಿಯನ್ನು ಬಯಸುವುದು ಲೋಕಧರ್ಮ. 1944ರಲ್ಲಿ ಧಾರವಾಡದ ಕರ್ನಾಟಕ ಎಜುಕೇಷನ್ ಬೋರ್ಡಿನವರು ಹೊಸದಾಗಿ ಆರ್ಟ್ಸ್ ಕಾಲೇಜೊಂದನ್ನು ತೆರೆದು, ಪ್ರಿನ್ಸಿಪಾಲರಾಗಿ ಬರಬೇಕೆಂದು ಕೋರಿದಾಗ ಶ್ರೀಯವರು ಬೆಂಗಳೂರನ್ನು ಬಿಟ್ಟು ಹೊರಟರು. ಮೂವತ್ತಮೂರು ವರ್ಷಗಳ ಹಿಂದೆ ತರುಣನಾಗಿ ನಿಂತು ಮಾತನಾಡಿದ್ದ ಊರು ಅದು. ಹೊಸ ಕಾಲೇಜಿನ ಬಡತನ, ಯುದ್ಧಕಾಲದ ಅಭಾವ, ತಳಹದಿಯಿಂದ ಎಲ್ಲವನ್ನೂ ಕಟ್ಟಬೇಕಾದ ಹೊಣೆ, ಇವುಗಳ ನಡುವೆ ಅವರ ಕೊನೆಯ ದಿನಗಳು ಸಾಗಿದವು. 1946ರ ಜನವರಿ 3ಕ್ಕೆ ಅವರಿಗೆ ಅರವತ್ತೆರಡು ತುಂಬಿತು. 5ರಂದು ಧಾರವಾಡದಲ್ಲಿಯೇ ದೇಹತ್ಯಾಗ ಮಾಡಿದರು. ಹರಿದು ಹಂಚಿದ್ದ ಕನ್ನಡನಾಡು ಒಂದಾಗಲು ಇನ್ನೂ ಹತ್ತು ವರ್ಷಗಳಿದ್ದವು. ಅವರ ಮುಖ್ಯ ಸಂಪಾದಕತ್ವದಲ್ಲಿ ಸಿದ್ಧವಾಗುತ್ತಿದ್ದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಅದೇ 1946ರಲ್ಲಿ ಅಚ್ಚಾಗಿ ಹೊರಬಂದಿತು.